ಕೈಗೆ ಸಿಗುವ ನಾಯಿ



ಬೀದಿನಾಯಿಗಳ ಜೊತೆ ಮಾನವೀಯವಾಗಿ ನಡೆದುಕೊಳ್ಳಿ ಎಂದು ಜನರ ಬಳಿ ಹೋಗಿ ಹೇಳುವುದು ಹೇಗೆ ಎಂಬುದು ಈ ಎರಡು ದಿನಗಳ ಸಭೆಯ ವಿಷಯ. ನಾನು ಹೇಳಬೇಕೆಂದುಕೊಂಡು ಬಂದಿರುವುದು ಒಂದೇ ಮಾತು. ಮನುಷ್ಯರನ್ನು ನಂಬುವ ನಾಯಿಗೆ ಲಸಿಕೆ ಹಾಕಬಹುದು. ಕಲ್ಲೇಟು ತಿಂದ, ಮೈಮೇಲೆ ಬಿಸಿನೀರು ಎರಚಿಸಿಕೊಂಡ ನಾಯಿ ಯಾರ ಕೈಗೂ ಸಿಗುವುದಿಲ್ಲ. ಕೈಗೆ ಸಿಗದ ನಾಯಿಗೆ ಲಸಿಕೆಯೂ ಇಲ್ಲ, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಇಲ್ಲ. ರೇಬಿಸ್ ಸುತ್ತಾಡುವುದು ಹೀಗೆ ತಪ್ಪಿಸಿಕೊಂಡ ನಾಯಿಗಳ ನಡುವೆ. ಆದ್ದರಿಂದ ದಯೆ ಪುಣ್ಯದ ಲೆಕ್ಕಕ್ಕೆ ಬರುವಷ್ಟೇ ಆರೋಗ್ಯ ಇಲಾಖೆಯ ಲೆಕ್ಕಕ್ಕೂ ಬರುತ್ತದೆ.

ಈ ಸಭೆಗೆ ಪುಣೆ ಜಿಲ್ಲೆ ದೌಂಡ್ ತಾಲ್ಲೂಕಿನ ಕುರಕುಂಭವೇ ಯಾಕೆ ಎಂದು ಕೆಲವರು ಕೇಳಿದರು. ಈ ಊರನ್ನು ಒಮ್ಮೆ ನಾಯಿಯ ಕಡೆಯಿಂದ ನೋಡಿ. ಪುಣೆ–ಸೊಲ್ಲಾಪುರ ಹೆದ್ದಾರಿಯ ಉದ್ದಕ್ಕೂ ಧಾಬಾಗಳು, ಅವುಗಳ ಹಿಂದೆ ಮಿಕ್ಕ ಅನ್ನ, ಎಲುಬು. ಕೋಳಿ ಅಂಗಡಿಗಳು. ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳು, ಅವುಗಳ ಗೇಟುಗಳು, ಗೇಟಿಗೊಬ್ಬ ವಾಚ್‌ಮನ್. ಪಕ್ಕದಲ್ಲಿ ದೌಂಡ್ ಜಂಕ್ಷನ್ನು. ಸುತ್ತ ಕಬ್ಬಿನ ಗದ್ದೆ. ಹಂಗಾಮು ಬಂತೆಂದರೆ ಕಟಾವಿನ ಗುಂಪುಗಳು, ಅವರ ಗುಡಿಸಲಿನ ಮುಂದೆ ಒಂದೆರಡು ನಾಯಿ. ಕುರಿ ಹಿಂಡಿನ ಜೊತೆ ಊರೂರು ದಾಟುವ ಧನಗರರ ನಾಯಿಗಳು ಬೇರೆ. ಮೂರು ಪಾಳಿಯಲ್ಲಿ ದುಡಿಯುವ ಜನ ಬಾಡಿಗೆ ಖೋಲಿಗಳಲ್ಲಿ ಇರುತ್ತಾರೆ. ಬೇರೆ ಬೇರೆ ಜಿಲ್ಲೆಯವರು, ಬೇರೆ ಬೇರೆ ಮಾತಿನವರು. ವರ್ಷಕ್ಕೊಮ್ಮೆ ಖೋಲಿ ಬದಲಾಗುತ್ತದೆ, ಬಾಡಿಗೆಯವರು ಬದಲಾಗುತ್ತಾರೆ. ಓಣಿಯಲ್ಲಿ ಬದಲಾಗದೆ ಉಳಿಯುವುದು ನಾಯಿಯೇ.

ಅದೇ ನಾಯಿ ಹಗಲು ಗೇಟಿನಲ್ಲಿ ವಾಚ್‌ಮನ್ನನ ಕಾಲಬುಡದಲ್ಲಿ ಬಿದ್ದುಕೊಂಡಿರುತ್ತದೆ. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವವನನ್ನು ಇನ್ನಷ್ಟು ನಾಯಿಗಳ ಜೊತೆ ಸೇರಿ ಅಟ್ಟಿಸಿಕೊಂಡು ಹೋಗುತ್ತದೆ. ವಾಚ್‌ಮನ್ ಹೇಳುವುದೂ ನಿಜ, ಬೈಕಿನವನು ಹೇಳುವುದೂ ನಿಜ. ಪ್ರಾಣಿಪ್ರಿಯರಾದ ನಾವು ಬಹುಕಾಲ ವಾಚ್‌ಮನ್ನನ ಮಾತಿಗೆ ಮಾತ್ರ ಕಿವಿಗೊಟ್ಟೆವು. ಹೆದರಿದವರನ್ನು ಕರುಣೆಯಿಲ್ಲದವರು ಎಂದು ಜರಿದದ್ದೂ ಇದೆ. ಹಾಲಿಗೆಂದು ಅಂಗಡಿಗೆ ಹೋದ ಮಗು ಅಳುತ್ತ ವಾಪಸು ಬಂದಾಗ ಆ ತಾಯಿಗೆ ಕಾನೂನಿನ ಕಲಮು ಓದಿ ಹೇಳಿದರೆ ಆಕೆ ಬಾಗಿಲು ಹಾಕಿಕೊಳ್ಳುತ್ತಾಳೆ. ಮರುದಿನ ಅದೇ ಮನೆಯಿಂದ ಕಲ್ಲು ಬೀಳುತ್ತದೆ. ಆದ್ದರಿಂದ ಓಣಿಗೆ ಹೋದವರು ಮೊದಲು ತಟ್ಟಬೇಕಾದದ್ದು ಹೆದರಿದವರ ಬಾಗಿಲು. ಯಾವ ನಾಯಿ, ಎಷ್ಟು ಹೊತ್ತಿಗೆ, ಯಾವ ತಿರುವಿನಲ್ಲಿ ಎಂದು ಕೇಳಬೇಕು. ಮರಿ ಹಾಕಿದ ಹೆಣ್ಣುನಾಯಿ ಇದೆಯೇ? ಯಾರಾದರೂ ನಡುರಸ್ತೆಯಲ್ಲಿ ಅನ್ನ ಸುರಿಯುತ್ತಿದ್ದಾರೆಯೇ? ಬಹುಪಾಲು ದೂರುಗಳು ಇಂಥ ವಿವರಗಳಲ್ಲೇ ಬಿಡಿಸಿಕೊಳ್ಳುತ್ತವೆ ಎಂಬುದು ಈ ಕೆಲಸ ಮಾಡುವವರ ಅನುಭವ.

ಹಿಡಿದು ಕೊಂದುಬಿಟ್ಟರೆ ಮುಗಿಯಿತಲ್ಲ ಎನ್ನುವವರು ಈ ಸಭೆಯಲ್ಲೂ ಇರಬಹುದು. ಅದನ್ನು ನಮ್ಮ ದೇಶ ಮಾಡಿ ನೋಡಿದೆ. ಮುಂಬಯಿಯಲ್ಲಿ 1832ರಲ್ಲಿ ಕಂಪನಿ ಸರ್ಕಾರದ ಪೊಲೀಸರು ಒಂದು ನಾಯಿಗೆ ಎಂಟಾಣೆಯಂತೆ ಇನಾಮು ಕೊಟ್ಟು ಕೊಲ್ಲಿಸಿದರು. ದುಡ್ಡಿನಾಸೆಗೆ ಮನೆಯಂಗಳದ ನಾಯಿಗಳೂ ಸತ್ತವು. ನಾಯಿಯನ್ನು ಪವಿತ್ರವೆಂದು ಕಾಣುವ ಪಾರಸಿಗಳು ಜೂನ್ 6ರಂದು ಬೀದಿಗಿಳಿದರು. ಅಂಗಡಿಗಳು ಮುಚ್ಚಿದವು, ಕಂಪನಿಯ ದಂಡಿಗೆ ದಿನಸಿ ನಿಂತಿತು. ಅದಾಗಿ ಒಂದೂವರೆ ಶತಮಾನ ಕಳೆದ ಮೇಲೂ ಆ ನಗರ ನಾಯಿಗಳನ್ನು ಕೊಲ್ಲುತ್ತಲೇ ಇತ್ತು. 1990ರ ದಶಕದಲ್ಲಿ ಅದನ್ನು ಕೈಬಿಟ್ಟಾಗ ಬೀದಿಗಳಲ್ಲಿ ನಾಯಿಗಳೇನೂ ಕಡಿಮೆಯಾಗಿರಲಿಲ್ಲ. ಕಸ ಇದ್ದಲ್ಲಿ, ಜಾಗ ತೆರವಾದಲ್ಲಿ ಪಕ್ಕದ ಬೀದಿಯ ನಾಯಿ ಬಂದು ಸೇರುತ್ತದೆ. ಉಳಿದವಕ್ಕೆ ಊಟ ಹೆಚ್ಚು, ಹಾಗಾಗಿ ಬದುಕುವ ಮರಿಗಳೂ ಹೆಚ್ಚು.

ಬೆಂಗಳೂರಿನ ಕಥೆ ಕಾಲದಲ್ಲಿ ನಮಗೆ ಇನ್ನೂ ಹತ್ತಿರದ್ದು. 2007ರ ಆರಂಭದಲ್ಲಿ ಅಲ್ಲಿ ಬೀದಿನಾಯಿಗಳ ದಾಳಿಗೆ ಇಬ್ಬರು ಮಕ್ಕಳು ಬಲಿಯಾದರು. ಆ ದುಃಖವನ್ನು ಯಾರೂ ಹಗುರವಾಗಿ ಕಾಣಬಾರದು. ಆಮೇಲೆ ಆಕ್ರೋಶದಲ್ಲಿ ನಾಯಿಗಳ ಹತ್ಯೆ ನಡೆಯಿತು. ಸಂಖ್ಯೆ ಇಳಿದದ್ದು ಮಾತ್ರ ಬೇರೆ ದಾರಿಯಿಂದ. ಪಾಲಿಕೆಯ 2019ರ ಗಣತಿಯಲ್ಲಿ ನಾಯಿಗಳು ಸುಮಾರು 3.10 ಲಕ್ಷ, ಸಂತಾನಹರಣ ಆದದ್ದು ಸುಮಾರು ಶೇ. 51. 2023ರಲ್ಲಿ ಶಸ್ತ್ರಚಿಕಿತ್ಸೆಯ ಪ್ರಮಾಣ ಶೇ. 72ರ ಹತ್ತಿರ ಬಂತು, ನಾಯಿಗಳು 2.79 ಲಕ್ಷಕ್ಕೆ ಇಳಿದವು. ಇಳಿಕೆ ದೊಡ್ಡದಲ್ಲ ಎನ್ನಬಹುದು. ಆದರೆ ಅಷ್ಟು ದೊಡ್ಡ ನಗರ, ಅಷ್ಟು ಕಸ, ನಾಲ್ಕೇ ವರ್ಷ ಎಂಬುದನ್ನೂ ಗಮನಿಸಿ.

ಗೋವಾದ ಉದಾಹರಣೆಯನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ. 2013ರಿಂದ 2019ರವರೆಗೆ ಅಲ್ಲಿ ಲಸಿಕೆ, ಶಿಕ್ಷಣ, ನಿಗಾ ಮೂರೂ ಒಟ್ಟಿಗೆ ನಡೆದವು. ವರ್ಷಕ್ಕೆ 95,000ಕ್ಕೂ ಹೆಚ್ಚು ನಾಯಿಗಳಿಗೆ ಲಸಿಕೆ, ಅಂದರೆ ಶೇ. 70ರಷ್ಟಕ್ಕೆ. ವರ್ಷಕ್ಕೆ ಒಂದೂವರೆ ಲಕ್ಷ ಶಾಲಾ ಮಕ್ಕಳಿಗೆ ಪಾಠ. ಆ ಅವಧಿಯ ಕೊನೆಯ ಹೊತ್ತಿಗೆ ರೇಬಿಸ್‌ನಿಂದ ಮನುಷ್ಯರ ಸಾವು ಸೊನ್ನೆಗೆ ಬಂತು, ನಾಯಿಗಳಲ್ಲಿ ರೋಗ ಶೇ. 92ರಷ್ಟು ಇಳಿಯಿತು. ನಮ್ಮದೇ ಬೆಂಗಳೂರಿನ ಡಾ. ಎಂ. ಕೆ. ಸುದರ್ಶನ್ ಮತ್ತು ಸಂಗಡಿಗರು 2003ರಲ್ಲಿ ಮಾಡಿದ ಸಮೀಕ್ಷೆ ದೇಶದಲ್ಲಿ ವರ್ಷಕ್ಕೆ ಸುಮಾರು 20,000 ಜನ ರೇಬಿಸ್‌ಗೆ ಬಲಿಯಾಗುತ್ತಿದ್ದಾರೆ ಎಂದಿತ್ತು. ಇತ್ತೀಚಿನ ಅಂದಾಜು ಆರು ಸಾವಿರದೊಳಗೆ ಇದೆ. ಇವರಲ್ಲಿ ಮಕ್ಕಳ ಪಾಲು ದೊಡ್ಡದು, ಬಹುತೇಕರು ಬಡವರು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿಯಿಲ್ಲ.

ಲಸಿಕೆಯ ದಿನ ಒಂದು ಗೇಟಿನಲ್ಲಿ ಏನು ನಡೆಯುತ್ತದೆ ಎಂದು ಹೇಳುತ್ತೇನೆ. ಬೆಳಗಿನ ಆರು ಗಂಟೆ, ಪಾಳಿ ಬದಲಾಗುವ ಮುಂಚೆ. ಜೀಪು ದೂರದಲ್ಲೇ ನಿಲ್ಲುತ್ತದೆ. ಬಲೆ ಕಂಡರೆ ನಾಯಿಗಳು ಓಟ ಕೀಳುತ್ತವೆ. ವಾಚ್‌ಮನ್ ಕೂತಲ್ಲಿಂದಲೇ ‘ಬಾರೋ ರಾಜಾ’ ಎನ್ನುತ್ತಾನೆ. ರಾಜಾ ಬಾಲವಾಡಿಸುತ್ತ ಬರುತ್ತಾನೆ, ಅವನ ಹಿಂದೆ ಕರಿಯ, ಕಿವಿ ಹರಿದ ಮುದುಕಿಯೊಂದು. ವಾಚ್‌ಮನ್ ಕತ್ತಿನ ಹಿಂದಿನ ಚರ್ಮ ಹಿಡಿದು ಗದ್ದ ತುರಿಸುತ್ತಾನೆ, ವೈದ್ಯೆ ಪಕ್ಕದಿಂದ ಬಂದು ತೊಡೆಗೆ ಸೂಜಿ ಚುಚ್ಚುತ್ತಾರೆ, ಹಣೆಗೆ ಬಣ್ಣದ ಗುರುತು, ಬಾಯಿಗೆ ಬಿಸ್ಕತ್ತು. ಒಂದು ನಿಮಿಷವೂ ಆಗುವುದಿಲ್ಲ. ಪಕ್ಕದ ಗೇಟಿನಲ್ಲಿ ಮೇಲಿನವರ ಹುಕುಂ ಪ್ರಕಾರ ಲಾಠಿಯಿಂದ ಓಡಿಸುವುದು ವಾಡಿಕೆಯಾಗಿದ್ದರೆ, ಅಲ್ಲಿ ನಾಲ್ಕು ಜನ, ಎರಡು ಬಲೆ, ಅರ್ಧ ಗಂಟೆ ಖರ್ಚಾಗಿ ಒಂದು ನಾಯಿಯೂ ಸಿಗದೆ ಹೋಗಬಹುದು. ಕಾರ್ಖಾನೆಯ ಅಧಿಕಾರಿಗಳಿಗೆ ನಾನು ಈ ಎರಡು ಗೇಟುಗಳನ್ನು ತೋರಿಸಲು ಇಷ್ಟಪಡುತ್ತೇನೆ. ವಾಚ್‌ಮನ್ನನ ಡಬ್ಬಿಯ ಅರ್ಧ ರೊಟ್ಟಿ ನಿಮ್ಮ ಸುರಕ್ಷತಾ ವೆಚ್ಚದ ಪಟ್ಟಿಯಲ್ಲಿ ಎಲ್ಲೂ ಇಲ್ಲ, ಆದರೆ ಆ ಗೇಟಿನ ರೇಬಿಸ್ ತಡೆ ನಿಂತಿರುವುದು ಅದರ ಮೇಲೆ.

ಪ್ರಚಾರದ ಸಾಮಗ್ರಿಯ ಬಗ್ಗೆ ಒಂದು ಮಾತು. ದೆಹಲಿಯಲ್ಲಿ ಅಚ್ಚಾದ ಪೋಸ್ಟರನ್ನು ಮರಾಠಿಗೋ ಕನ್ನಡಕ್ಕೋ ತಿರುಗಿಸಿ ಗೋಡೆಗೆ ಅಂಟಿಸುವ ಮೊದಲು ಈ ನೆಲದಲ್ಲಿ ಏನಿದೆ ನೋಡೋಣ. ಇದೇ ಜಿಲ್ಲೆಯ ಜೇಜುರಿಯಲ್ಲಿ ಖಂಡೋಬನ ಜೊತೆ ನಾಯಿ ಇದೆ. ಅವನ ಭಕ್ತರಾದ ವಾಘ್ಯಾಗಳು ತಮ್ಮನ್ನು ದೇವರ ನಾಯಿಗಳೆಂದೇ ಕರೆದುಕೊಳ್ಳುತ್ತಾರೆ. ಆ ದೇವರೇ ಕರ್ನಾಟಕದಲ್ಲಿ, ನಮ್ಮ ಕಡೆ, ಮೈಲಾರಲಿಂಗ. ಹಡಗಲಿಯ ಮೈಲಾರದಲ್ಲಿ, ದೇವರಗುಡ್ಡದಲ್ಲಿ ಗೊರವಯ್ಯಗಳು ದೋಣಿ ಸೇವೆಯ ಹೊತ್ತಿನಲ್ಲಿ ಬೊಗಳುತ್ತ, ದೋಣಿಯೆಂಬ ಪಾತ್ರೆಯಲ್ಲಿ ಹಾಕಿದ ಹಾಲು ಬಾಳೆಹಣ್ಣುಗಳಿಗೆ ಬಾಯಿ ಹಾಕಿ ಉಣ್ಣುತ್ತಾರೆ. ಇನ್ನೂ ಹಿಂದೆ ಹೋದರೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನವಿದೆ, ಹತ್ತನೆಯ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಗೆದ್ದ ಗಂಗರ ಬೂತುಗನ ಭಟ ಮಣಲೆರ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆಂದು ಭೂಮಿ ಬಿಟ್ಟರು, ಪೂಜೆ ಮಾಡದೆ ಉಂಡ ಗೊರವನಿಗೆ ಪಾಪ ತಟ್ಟುತ್ತದೆ ಎಂದು ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಜಾತ್ರೆಯಲ್ಲಿ ನಾಯಿಗೆ ಕೈಮುಗಿದು ಊರಿಗೆ ಬಂದು ಕಲ್ಲೆತ್ತಿಕೊಳ್ಳುವ ಮನುಷ್ಯನ ಜೊತೆ ಮಾತು ಶುರುಮಾಡಲು ಇದಕ್ಕಿಂತ ಒಳ್ಳೆಯ ಎಳೆ ನನಗೆ ಕಾಣುವುದಿಲ್ಲ. ಜೇಜುರಿಯ ಯಾತ್ರೆ, ಮೈಲಾರದ ಜಾತ್ರೆ ಎರಡೂ ಲಸಿಕೆಯ ಮಾತು ತಲುಪಿಸಬಹುದಾದ ಜಾಗಗಳು. ಧನಗರರು, ಕುರುಬರು ಅಲ್ಲಿಗೆ ತಪ್ಪದೆ ಬರುತ್ತಾರೆ. ಅವರ ನಾಯಿಗಳು ಯಾವ ಪಂಚಾಯಿತಿಯ ಪಟ್ಟಿಗೂ ಸಿಗುವುದಿಲ್ಲ.

ಕಾನೂನನ್ನು ಬೇಗ ಮುಗಿಸುತ್ತೇನೆ. ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಹಟ ಹಿಡಿದು ಎತ್ತಿದ ಪ್ರಶ್ನೆಯಿಂದ ಬಂದದ್ದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಅದರಲ್ಲಿ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 50 ರೂಪಾಯಿ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಪ್ರಾಣಿಯನ್ನು ಕೊಂದರೆ, ಅಂಗಹೀನ ಮಾಡಿದರೆ ಐದು ವರ್ಷದವರೆಗೆ ಸಜೆ ಇದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೊಣೆಯನ್ನು ಸ್ಥಳೀಯ ಸಂಸ್ಥೆಯ ಮೇಲೆ ಹಾಕುತ್ತವೆ, ಪಂಚಾಯಿತಿಯೂ ಅದರಲ್ಲಿ ಬರುತ್ತದೆ. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ, ರೇಬಿಸ್ ಇರುವ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆ ಮುಗಿಸಿ ಹಿಡಿದ ಜಾಗಕ್ಕೇ ಬಿಡಬೇಕು. ಊಟ ಹಾಕಲು ಜಾಗ ಗೊತ್ತುಮಾಡಬೇಕು. ಅದೇ ವರ್ಷದ ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಆಶ್ರಯತಾಣಕ್ಕೆ ಸೇರಿಸಬೇಕು, ಹಿಡಿದ ಜಾಗಕ್ಕೆ ಮರಳಿ ಬಿಡಬಾರದು ಎಂದಿತು. ಅದನ್ನು ಪಾಲಿಸುವಾಗಲೂ ಹಗ್ಗದಿಂದ ಎಳೆದಾಡುವ ಅಗತ್ಯವಿಲ್ಲ. ಶಾಲೆಯ ಅಂಗಳದಿಂದ ಹೊರಟ ನಾಯಿ ಎಲ್ಲಿರುತ್ತದೆ, ಯಾರು ನೀರಿಡುತ್ತಾರೆ ಎನ್ನುವುದು ವಾಹನ ಹತ್ತಿಸುವ ಮುಂಚೆ ಗೊತ್ತಿರಬೇಕು.

ಆಶಾ ಅಕ್ಕಂದಿರೇ, ಮನೆಮನೆಗೆ ಹೋಗುವವರು ನೀವು. ನಾಯಿ ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಖಾರದಪುಡಿ, ಸುಣ್ಣ, ಅರಿಸಿನ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆ. ಚರ್ಮದೊಳಗೆ ಕೊಡುವ ಲಸಿಕೆಗೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ಹಲ್ಲು ನಾಟಿ ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಕೇಳಿ ಹಾಕಿಸಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯ ಭಯದಲ್ಲಿ ಇನ್ನೂ ಮಂತ್ರದ ನೀರಿಗೆ ಹೋಗುವವರಿದ್ದಾರೆ. ಆ ಹಳೆಯ ಲಸಿಕೆ ನಿಂತು ಎರಡು ದಶಕವಾಯಿತು ಎಂದು ಹೇಳಿ. ಮಕ್ಕಳಿಗೆ, ನಾಯಿ ಬಂದರೆ ಓಡಬೇಡ, ಅಲುಗಾಡದೆ ನಿಲ್ಲು, ಕಣ್ಣಲ್ಲಿ ಕಣ್ಣಿಡಬೇಡ, ಉಣ್ಣುವ ನಾಯಿಯನ್ನೂ ಮರಿ ಇರುವ ತಾಯಿಯನ್ನೂ ಮುಟ್ಟಬೇಡ ಎಂದು ಕಲಿಸಿ.

ಮಧ್ಯಾಹ್ನದ ಗೋಷ್ಠಿಗೆ ನನ್ನದೊಂದು ವಿನಂತಿ. ಠರಾವುಗಳನ್ನು ಬರೆಯುವ ಮೊದಲು ಈ ಊರಿನ ಒಂದು ಪಟ್ಟಿ ತಯಾರಾಗಲಿ. ಪ್ರತಿ ಗೇಟು, ಪ್ರತಿ ಧಾಬಾ, ಪ್ರತಿ ಚಾಳಿನಲ್ಲಿ ಯಾವ ಮನುಷ್ಯ ಕರೆದರೆ ನಾಯಿಗಳು ಬರುತ್ತವೆ? ಆ ಮನುಷ್ಯನ ಹೆಸರು ಮೊದಲ ಕಾಲಮ್ಮಿನಲ್ಲಿ, ಅವನ ಜೊತೆಗಿರುವ ನಾಯಿಗಳ ಬಣ್ಣ, ಲಿಂಗ, ಕಿವಿಯ ಗುರುತು ಎರಡನೆಯದರಲ್ಲಿ, ಅಲ್ಲಿ ಹೆದರುವವರ ದೂರು ಮೂರನೆಯದರಲ್ಲಿ. ಪಟ್ಟಿ ಪಂಚಾಯಿತಿಯಲ್ಲಿರಲಿ, ಒಂದು ಪ್ರತಿ ಪಶುವೈದ್ಯರ ಬಳಿ. ಮೂರು ಕಾಲಮ್ಮುಗಳನ್ನೂ ತುಂಬಿಸಬಲ್ಲ ಜನ ಈ ಸಭಾಂಗಣದಲ್ಲೇ ಕೂತಿದ್ದಾರೆ. ಊಟಕ್ಕೆ ಏಳುವ ಮೊದಲು ದಯವಿಟ್ಟು ಒಂದೊಂದು ಹಾಳೆ ತೆಗೆದುಕೊಳ್ಳಿ.