ಕದ್ದು ಕೇಳಿದ ಮಾತು, ನೌಕರನ ಅನ್ನ
(ಕಾರ್ಮಿಕರ ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಲಂಚಕೋರ ಅಧಿಕಾರಿಯ ಟೆಲಿಫೋನನ್ನು ಸರ್ಕಾರ ಕದ್ದು ಕೇಳಿದರೆ ತಪ್ಪೇನೆಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಕಚೇರಿಗಳಲ್ಲಿ ಕೈಬಿಸಿ ಮಾಡಿ ಬೇಸತ್ತವರು ಹಾಗೆ ಕೇಳುವುದು ಸಹಜವೇ. ಲಂಚಕೋರನ ವಕಾಲತ್ತು ವಹಿಸಲು ನಾನು ಇಲ್ಲಿ ನಿಂತಿಲ್ಲ. ಆದರೆ ಈ ಅಧಿಕಾರ ಸರ್ಕಾರದ ಕೈಗೆ ಬಂದದ್ದು ಯಾತಕ್ಕಾಗಿ?

ಬ್ರಿಟಿಷರ 1885ರ ಟೆಲಿಗ್ರಾಫ್ ಕಾಯಿದೆಯೇ ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಪ್ರಸಂಗವಿರಬೇಕೆಂದಿತ್ತು. ಅದರ ಮೇಲೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣವೂ ಬೇಕಿತ್ತು. 2023ರ ಹೊಸ ಕಾಯಿದೆಯಲ್ಲಿಯೂ ಅದೇ ಕಟ್ಟು. ನೌಕರರ ಶಿಸ್ತು ಎಂಬ ಮಾತು ಅಲ್ಲಿಲ್ಲ. ಗೃಹ ಕಾರ್ಯದರ್ಶಿಯ ಆಜ್ಞೆ ಬೇಕು, ಒಟ್ಟು 6 ತಿಂಗಳು ಮೀರಕೂಡದು, ಸಮಿತಿಯೊಂದು ಅದನ್ನು ಪರಿಶೀಲಿಸಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ಕದ್ದಾಲಿಕೆಯ ವಿಷಯ ಕನ್ನಡಿಗರಿಗೆ ಹೊಸದಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟದ್ದು ಇದೇ ಆರೋಪದ ಮೇಲೆ.

ಲಂಚದ ಖಟ್ಲೆಗಳಲ್ಲೇ ನ್ಯಾಯಾಲಯಗಳು ಒಮ್ಮತಕ್ಕೆ ಬಂದಿಲ್ಲ. 2025ರಲ್ಲಿ ದೆಹಲಿ ಹೈಕೋರ್ಟು ಇಂಥ ಕದ್ದಾಲಿಕೆಯನ್ನು ಒಪ್ಪಿತು. ಮುಂದಿನ ತಿಂಗಳೇ ಮದ್ರಾಸ್ ಹೈಕೋರ್ಟು ಅಂಥದೇ ಆಜ್ಞೆಯೊಂದನ್ನು ರದ್ದುಮಾಡಿತು.

ಕೋರ್ಟಿನಲ್ಲಾದರೂ ವಾದವುಂಟು, ವಕೀಲನುಂಟು. ಇಲಾಖಾ ವಿಚಾರಣೆಯ ಕೋಣೆ ಬೇರೆ. ಅಲ್ಲಿ ಸಾಕ್ಷ್ಯ ಕಾಯಿದೆಯ ಬಿಗಿ ಇಲ್ಲ. ಹರಿಯಾಣದ ಬಸ್ ಕಂಡಕ್ಟರನೊಬ್ಬನ ವಿಚಾರಣೆಯಲ್ಲಿ ಒಬ್ಬ ಪ್ರಯಾಣಿಕನನ್ನೂ ಸಾಕ್ಷಿಗೆ ಕರೆಯಲಿಲ್ಲ; ಆದರೂ 1977ರಲ್ಲಿ ಸುಪ್ರೀಂ ಕೋರ್ಟು ಅವನ ವಜಾವನ್ನು ಎತ್ತಿಹಿಡಿಯಿತು. ಇಷ್ಟು ಸಡಿಲವಾದ ಬಾಗಿಲಿನಿಂದ ಧ್ವನಿಮುದ್ರಿಕೆಯ ತುಂಡೊಂದು ಒಳನುಗ್ಗಿದರೆ ಬಡ ಗುಮಾಸ್ತನ ಗತಿಯೇನು? ಇಂದು ಲಂಚದ ಮಾತು ಕೇಳಿದವರು ನಾಳೆ ಅವನು ಸಂಘದ ಕಾರ್ಯದರ್ಶಿಯೊಡನೆ ಆಡಿದ ಮುಷ್ಕರದ ಮಾತು ಕೇಳುವುದಿಲ್ಲವೆ? ತೆರಿಗೆ ಕಚೇರಿಗೆ ಫೋನು ಮಾಡಿದ ಅಂಗಡಿಯವನ ಮಾತೂ ಅದೇ ಮುದ್ರಿಕೆಯಲ್ಲಿರುತ್ತದೆ, ಮರೆಯಬೇಡಿ.

ಹಾಗಾದರೆ ಲಂಚಕೋರ ತಪ್ಪಿಸಿಕೊಳ್ಳಲೆ? ಬೇಡ. ಲಂಚ ಕೇಳಿಸಿಕೊಂಡವನೇ ಮುಂದೆ ಬಂದು, ತನ್ನ ಫೋನಿನ ಮಾತು ದಾಖಲಾಗಲು ಒಪ್ಪಿದರೆ ಅದು ಸಾಕ್ಷ್ಯವಾಗುತ್ತದೆಂದು ಬೊಂಬಾಯಿಯ ಮಲ್ಕಾನಿ ಖಟ್ಲೆಯಲ್ಲಿ 1972ರಲ್ಲೇ ತೀರ್ಪಾಗಿದೆ. ಅಲ್ಲಿ ದೂರುದಾರ ಮುಖ ತೋರಿಸುತ್ತಾನೆ, ಅವನನ್ನು ಪ್ರಶ್ನಿಸಬಹುದು.

ಆದ್ದರಿಂದ ಈ ನಿರ್ಣಯವನ್ನು ಸಭೆಯ ಮುಂದಿಡುತ್ತೇನೆ: ಕದ್ದಾಲಿಸಿದ ಮಾತನ್ನು ಇಲಾಖಾ ವಿಚಾರಣೆಯಲ್ಲಿ ತರುವುದಾದರೆ, ಮೊದಲು ಗೃಹ ಕಾರ್ಯದರ್ಶಿಯ ಆಜ್ಞೆಯ ಪ್ರತಿಯನ್ನೂ ತುಂಡರಿಸದ ಪೂರ್ತಿ ಧ್ವನಿಮುದ್ರಿಕೆಯನ್ನೂ ನೌಕರನಿಗೆ ಕೊಡತಕ್ಕದ್ದು. ಕೊಡದಿದ್ದರೆ ಆ ಮಾತನ್ನು ಲೆಕ್ಕಕ್ಕೆ ಹಿಡಿಯಕೂಡದು.