ಕಟ್ಟುವವರ ವಿವೇಕ

(ಶತಮಾನೋತ್ಸವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ಹಿರಿಯರು ಮುರಕಲ್ಲು ಹೊತ್ತು, ಸುಣ್ಣದ ಗಾರೆ ಅರೆದು, ಹೆಂಚು ಹೊದಿಸಿ ಕಟ್ಟಿದ ಈ ದೇವಾಲಯಕ್ಕೆ ಈಗ ನೂರು ತುಂಬಿತು. ಇದರ ನೆನಪಿಗಾಗಿ ಸಭಾಭವನವೊಂದನ್ನು ಕಟ್ಟಬೇಕೆಂಬುದು ನಿಮ್ಮೆಲ್ಲರ ಬಯಕೆ. ಅದರ ನಕಾಶೆ ಇನ್ನೂ ಅಂತಿಮವಾಗಿಲ್ಲ. ಆದುದರಿಂದ ಕಟ್ಟುವ ಕಾಯಕವನ್ನು ಕುರಿತು ಕೆಲವು ಮಾತುಗಳನ್ನಾಡುವುದು ಸಮಯೋಚಿತವೆಂದು ಭಾವಿಸಿದ್ದೇವೆ.

ಮೊದಲಿಗೆ ನಮ್ಮದೇ ತಪ್ಪೊಂದನ್ನು ನಿವೇದಿಸಿಕೊಳ್ಳುತ್ತೇವೆ. ನಾವು ಕಿರಿಯ ಗುರುಗಳಾಗಿದ್ದಾಗ ಬೇರೊಂದು ಧರ್ಮಕೇಂದ್ರದಲ್ಲಿ ಹಳೆಯ ಹೆಂಚಿನ ಮಾಡನ್ನು ಇಳಿಸಿ ಕಾಂಕ್ರೀಟಿನ ತಾರಸಿ ಹಾಕಿಸಿದೆವು. ಅದನ್ನೇ ಪ್ರಗತಿಯೆಂದು ನಂಬಿದ್ದೆವು. ಮೊದಲ ಬೇಸಿಗೆಯಲ್ಲಿಯೇ ವೃದ್ಧರು ಸೆಕೆ ತಾಳಲಾರದೆ ಹೊರಗಿನ ಮಾವಿನ ಮರದಡಿ ಕುಳಿತು ಬಲಿಪೂಜೆ ಆಲಿಸತೊಡಗಿದರು. ಫ್ಯಾನುಗಳನ್ನು ತಂದೆವು, ವಿದ್ಯುತ್ ಬಿಲ್ಲು ಏರಿತು. ಮಳೆಗಾಲದಲ್ಲಿ ತಾರಸಿ ಸೋರಿತು. ಬೀಡಿ ಕಟ್ಟಿ ಉಳಿಸಿದ ಹಣವನ್ನು ಕಾಣಿಕೆಯಾಗಿ ಕೊಟ್ಟಿದ್ದ ತಾಯಿಯೊಬ್ಬರು, "ಫಾದರ್, ಹಳೆಯ ಮಾಡಿಗೆ ಏನಾಗಿತ್ತು?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಮಗೆ ಪರಿಚಯವಾದದ್ದು ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿಯ ಬದುಕು. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಇವರು ಕ್ವೇಕರ್ ಪಂಥದವರು. ಯುದ್ಧಕಾಲದಲ್ಲಿ ಚೀನಾದಲ್ಲಿ ರೋಗಿಗಳ ಸೇವೆ ಮಾಡಿ ಮರಳುವಾಗ, ಹಡಗಿಗಾಗಿ ಕಾಯುತ್ತಾ ಮುಂಬಯಿಯಲ್ಲಿ ತಂಗಿದ್ದರು. ಅಲ್ಲಿ ಗಾಂಧೀಜಿಯವರನ್ನು ಕಂಡರು. ಮನೆಯ ಸುತ್ತಣ ಐದು ಮೈಲಿಯೊಳಗೆ ದೊರೆಯುವ ಸಾಮಗ್ರಿಯಿಂದಲೇ ಮನೆ ಕಟ್ಟಬೇಕೆಂಬ ಗಾಂಧೀಜಿಯವರ ವಿಚಾರವನ್ನು ಬೇಕರರು ಕಡೆತನಕ ಸ್ಮರಿಸುತ್ತಿದ್ದರು. 1945ರಲ್ಲಿ ಭಾರತಕ್ಕೆ ಬಂದು ಕುಷ್ಠರೋಗಿಗಳ ಆಸ್ಪತ್ರೆಗಳ ಕಟ್ಟಡಕಾರ್ಯದಲ್ಲಿ ತೊಡಗಿದರು. ಅನಂತರ ಕೇರಳದ ವೈದ್ಯೆ ಎಲಿಜಬೆತ್ ಅವರನ್ನು ವರಿಸಿ, ಹಿಮಾಲಯದ ಪಿಥೋರಾಗಢದಲ್ಲಿ ಅನೇಕ ವರ್ಷ ನೆಲೆಸಿದರು. ತಾವು ಓದಿದ ಶಾಸ್ತ್ರಕ್ಕೆ ಆ ನೆಲದ ಕಲ್ಲು, ಮಣ್ಣುಗಳ ಪರಿಚಯವಿಲ್ಲವೆಂಬುದನ್ನು ಅವರು ಕಂಡುಕೊಂಡರು. ಹಳ್ಳಿಗರ ಮನೆಗಳನ್ನೇ ಪಾಠಶಾಲೆಯಾಗಿ ಮಾಡಿಕೊಂಡರು.

ಮುಂದೆ ತಿರುವನಂತಪುರದಲ್ಲಿ ಅವರ ಕೆಲಸ ಫಲಿಸಿತು. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟಿಸಿದರು. ಇದರಿಂದ ಸುಮಾರು ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ; ಒಳಗೆ ನಿಂತ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ. ತಾರಸಿಯ ಕೆಳಭಾಗದಲ್ಲಿ ಭಾರದ ಎಳೆತವನ್ನು ತಾಳುವುದು ಕಬ್ಬಿಣವೇ ಹೊರತು ಕಾಂಕ್ರೀಟಲ್ಲ. ಆದುದರಿಂದ ಅಲ್ಲಿ ಕಂಬಿಗಳ ನಡುವೆ ಹಳೆಯ ಮಂಗಳೂರು ಹೆಂಚುಗಳನ್ನು ಇರಿಸಿ ಸಿಮೆಂಟನ್ನು ಉಳಿಸಿದರು. 1865ರಲ್ಲಿ ಬಾಸೆಲ್ ಮಿಷನ್ ನಮ್ಮ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮಕ್ಕೆ ಹೀಗೊಂದು ಮರುಜನ್ಮ ದೊರೆಯಿತು! ಶ್ರೀಕಾರ್ಯಂನ ಲೊಯೊಲಾ ಪ್ರಾರ್ಥನಾಲಯದಲ್ಲಿ ಅವರು ಎತ್ತರದ ಜೋಡಿ ಗೋಡೆಗಳನ್ನು ಅಡ್ಡ ಇಟ್ಟಿಗೆಗಳಿಂದ ಬೆಸೆದರು. ಗೋಡೆಯ ಜಾಲಂಧ್ರಗಳ ಮೂಲಕ ಬೆಳಕು ಮತ್ತು ಗಾಳಿ ಒಳಬರುತ್ತವೆ.

ಅವರ ದಿನಚರಿಯೂ ಗಮನಾರ್ಹ. ದೊಡ್ಡ ಕಚೇರಿಯಿಲ್ಲ. ಬಳಸಿ ಬಿಸುಟ ಲಕೋಟೆಗಳ ಹಿಂಬದಿಯಲ್ಲಿಯೂ ನಕ್ಷೆ ಬರೆಯುತ್ತಿದ್ದರು. ಕಟ್ಟುವ ಜಾಗಕ್ಕೆ ತಾವೇ ಹೋಗಿ ಮೇಸ್ತ್ರಿಗಳೊಡನೆ ನಿಂತು, ಅಲ್ಲಿಯೇ ತಿದ್ದಿ ಕಲಿಸುತ್ತಿದ್ದರು. ಮಲಂಕರ ಮಹಾಧರ್ಮಾಧ್ಯಕ್ಷರಾಗಿದ್ದ ಬೆನೆಡಿಕ್ಟ್ ಮಾರ್ ಗ್ರಿಗೋರಿಯೋಸರ ಕೋರಿಕೆಯಂತೆ ಬಡವರಿಗಾಗಿ ಅಗ್ಗದ ಮನೆಗಳನ್ನು ರೂಪಿಸಿದರು. 1990ರಲ್ಲಿ ಪದ್ಮಶ್ರೀ ಗೌರವ ಬಂದಿತು. 2007ರಲ್ಲಿ ದೈವಾಧೀನರಾದರು.

ಹಾಗಾದರೆ ನಮ್ಮ ಸಭಾಭವನವನ್ನೂ ಬೇಕರರಂತೆ ಇಟ್ಟಿಗೆಯಿಂದಲೇ ಕಟ್ಟೋಣವೇ? ಹಾಗೆ ಮಾಡಿದರೆ ಅವರ ಮನೆಯನ್ನು ಕಂಡು ಅವರ ಪಾಠವನ್ನು ಮರೆತಂತಾದೀತು. ನಮ್ಮ ಕಾಲಬುಡದಲ್ಲಿ ಇರುವುದು ಮುರಕಲ್ಲು. ಇಲ್ಲಿ ಬೀಳುವುದು ಓರೆ ಹೊಡೆಯುವ ಮಳೆ. ಇದಕ್ಕೆ ಬೇಕಾದುದು ಇಳಿಜಾರಾದ ಮಾಡು, ಉದ್ದನೆಯ ಸೂರು, ಎದುರುಬದುರಾದ ಕಿಟಕಿಗಳು. ಹೆಂಚಿನ ಮಾಡಿಗೂ ಕಷ್ಟವಿಲ್ಲದಿಲ್ಲ: ವರ್ಷವರ್ಷವೂ ಕೈಯಾಡಿಸಬೇಕು, ಒಡೆದುದನ್ನು ಬದಲಿಸಬೇಕು, ಗೆದ್ದಲನ್ನು ಕಾಯಬೇಕು. ಈ ಶ್ರಮವನ್ನು ಒಪ್ಪಿಕೊಂಡೇ ಆರಿಸಬೇಕು.

ಮುಂಭಾಗಕ್ಕೆ ಗಾಜು, ಒಳಗೆ ಹವಾನಿಯಂತ್ರಣ ಬೇಕೆಂದು ಕೆಲವರು ಪ್ರೀತಿಯಿಂದಲೇ ಸೂಚಿಸಿದ್ದಾರೆ. ಅವರ ಔದಾರ್ಯಕ್ಕೆ ನಾವು ಕೃತಜ್ಞರು. ಆದರೆ ದಾನಿಗಳು ಒಮ್ಮೆ ಕೊಡುತ್ತಾರೆ. ವಿದ್ಯುತ್ ಬಿಲ್ಲನ್ನು ಧರ್ಮಕೇಂದ್ರ ತಿಂಗಳು ತಿಂಗಳೂ ತೆರಬೇಕು. ಆಗ ಬಾಡಿಗೆ ಏರುತ್ತದೆ. ಬಡ ಕುಟುಂಬದ ಮಗಳ ಮದುವೆ ಆ ಭವನದಲ್ಲಿ ನಡೆಯಲಾರದು. ಇನ್ನೊಂದು ಲೆಕ್ಕವೂ ಇದೆ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯದು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು 'ಲೌದಾತೊ ಸಿ' ಎಂಬ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದರು. ನಮ್ಮ ಅಂಗಳದ ಮನೆಗಾಗಿ ಆ ದೊಡ್ಡ ಮನೆಯನ್ನು ಕೆಡಿಸಲಾಗದು.

ವಾಸ್ತುಶಿಲ್ಪಿಗಳು ಬರುವ ದಿನ ಅವರನ್ನು ಮೊದಲು ಈ ದೇವಾಲಯದೊಳಗೆ ಮಧ್ಯಾಹ್ನದ ಹೊತ್ತು ಕುಳ್ಳಿರಿಸೋಣ. ನಮ್ಮಲ್ಲಿರುವ ಕಲ್ಲುಕೆಲಸದವರನ್ನೂ ಬಡಗಿಗಳನ್ನೂ ಅವರ ಬದಿಯಲ್ಲಿ ಕೂರಿಸೋಣ. ಭವನವನ್ನು ಗುಡಿಸುವವರನ್ನೂ ಕೇಳೋಣ. ನೂರು ವರ್ಷಗಳ ಅನಂತರ ಇಲ್ಲಿ ನೆರೆಯುವವರು, "ಇದನ್ನು ಕಟ್ಟಿದವರಿಗೆ ನಮ್ಮ ನೆನಪಿತ್ತು" ಎಂದು ಹೇಳುವಂತಾಗಲಿ.

ಆ ತಾಯಿ ಇಂದು ನಮ್ಮೊಡನಿಲ್ಲ. ಅವರಿಗೆ ಅಂದು ಕೊಡಲಾಗದ ಉತ್ತರವನ್ನು ನಿಮ್ಮೊಡಗೂಡಿ ಕಟ್ಟಿ ತೋರಿಸಬೇಕೆಂಬುದೇ ನಮ್ಮ ಹಂಬಲ. ದೇವರು ನಿಮ್ಮೆಲ್ಲರನ್ನೂ ಹರಸಲಿ.