ಎಂ.ಎ. ಅರ್ಥಶಾಸ್ತ್ರಕ್ಕೆ ಹೊರಟವರಿಗೆ



ಧಕ್ಕೆಯಲ್ಲಿ ಬೆಳಗ್ಗೆ ನಡೆಯುವ ಮೀನಿನ ಏಲಂ ನಾವೆಲ್ಲ ಕಂಡದ್ದೇ. ಎಂ.ಎ.ಯ ಸೂಕ್ಷ್ಮ ಅರ್ಥಶಾಸ್ತ್ರದಲ್ಲಿ ಅದೇ ಏಲಂ ಗಣಿತವಾಗಿ ಬರುತ್ತದೆ: ಯಾರು ಎಷ್ಟರವರೆಗೆ ಕೂಗುತ್ತಾರೆ, ಏಕೆ? ವಿಲಿಯಂ ವಿಕ್ರಿ 1961ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. 2020ರ ನೊಬೆಲ್ ಕೂಡ ಏಲಂ ಸಿದ್ಧಾಂತಕ್ಕೇ ಬಂತು.

ಪಿಯುಸಿಯಲ್ಲೇ ಗಣಿತ ಬಿಟ್ಟು, ಬಿ.ಎ. ಮುಗಿಸಿ ಕೊಣಾಜೆಗೋ ಬೆಂಗಳೂರಿಗೋ ಹೋದ ನಮ್ಮ ಮಕ್ಕಳು ಮೊದಲ ಸೆಮಿಸ್ಟರಿನಲ್ಲೇ ಕ್ಯಾಲ್ಕುಲಸ್ ಎದುರು ಕಂಗಾಲಾಗುತ್ತಾರೆ. ಮನೆಯವರು ಅದನ್ನು ದಡ್ಡತನವೆಂದುಕೊಂಡು, ಗಲ್ಫ್ ವೀಸಾ ಬಂದೊಡನೆ ಓದು ಬಿಡಿಸುತ್ತಾರೆ. ದಯವಿಟ್ಟು ಒಂದು ವರ್ಷ ತಾಳಿ.

ಸೀಟು ಸಿಗುವವರೆಗೆ ಕಾಯದೆ ಬಿ.ಎ. ಎರಡನೇ ವರ್ಷದಲ್ಲೇ ನಮ್ಮ ಕಚೇರಿಗೆ ಬನ್ನಿ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಶುಲ್ಕದ ಜೊತೆ ಗಣಿತದ ಟ್ಯೂಷನ್ ಖರ್ಚನ್ನೂ ಬರೆಯಿರಿ, ಅದನ್ನೂ ಕೊಡುತ್ತೇವೆ.